ಸೊಸೆಗೆ ಮಾತ್ರ ಕಲಿಸಿದ ಮಗ್ಗ

"ಹಂಗಾರ ಚಲೋ ಆತು, ಇದನ್ನ ನೀವ ಸರಿ ಮಾಡಿಕೊಡ್ರಿ" ಎಂದು ವಯಸ್ಸಾದ ಲಾಮಾ ನಮ್ಮ ಕಡೆಯ ಕನ್ನಡದಲ್ಲೇ ಹೇಳಿ, ಜಮಖಾನದ ಹರಿದ ಅಂಚನ್ನು ನನ್ನ ಕೈಗಿತ್ತರು.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಜೊತೆಗೆ ಬಂದವರೆಲ್ಲ ದೊಡ್ಡ ಬುದ್ಧನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೊಬ್ಬಳೇ ಹಿಂದಿನ ಓಣಿಗಳಲ್ಲಿ ನಡೆಯುತ್ತ ಈ ಸಣ್ಣ ಪ್ರಾರ್ಥನಾ ಕೋಣೆ ಹೊಕ್ಕಿದ್ದೆ. ನೆಲದ ಮೇಲೆ ನಮ್ಮ ನವಲಗುಂದದ ಜಮಖಾನ, ಅದರಲ್ಲಿ ನಮ್ಮೂರಿನ ನವಿಲು. ನನ್ನ ಅಮ್ಮಿಯೂ ಇಂಥವನ್ನೇ ನೇಯುತ್ತಿದ್ದಳೆಂದು ಹೆಮ್ಮೆಯಿಂದ ಹೇಳಿಬಿಟ್ಟಿದ್ದೆ.

"ನನಗ ನೇಯಾಕ ಬರೂದಿಲ್ರಿ" ಎಂದೆ. ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡು ಲಾಮಾ ನಕ್ಕರು. ಆಮೇಲೆ ನನ್ನ ಮುಖ ನೋಡಿ, ಹರಿದಲ್ಲಿ ಸೇಫ್ಟಿ ಪಿನ್ನು ಚುಚ್ಚಿದರು.

ನಮ್ಮ ಮನೆಯಲ್ಲಿ ಮಗ್ಗ ಕಲಿಸುತ್ತಿದ್ದುದು ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗಲ್ಲ. ಮದುವೆಯಾಗಿ ಹೋದವಳ ಜೊತೆ ಕಸುಬಿನ ಗುಟ್ಟೂ ಹೋದೀತೆಂಬ ಭಯ. ಹತ್ತಿರ ಸುಳಿದರೆ ಅಮ್ಮಿ, "ನೀ ಮಂದಿ ಮನಿಗೆ ಹೋಗಾಕಿ, ಏಳು ಅಲ್ಲಿಂದ" ಎಂದು ಗದರುತ್ತಿದ್ದಳು.

ಅಮ್ಮಿ ಈಗಿಲ್ಲ. ಅವಳಿಂದ ಕಲಿತ ಸೊಸೆ, ನನ್ನ ಭಾಭಿ, ಆ ಮಗ್ಗದ ಮೇಲೆ ಬಟ್ಟೆ ಒಣಹಾಕುತ್ತಾಳೆ. ಗುಟ್ಟು ಮಾತ್ರ ಮನೆ ಬಿಟ್ಟು ಹೋಗಲಿಲ್ಲ.