ಕೈ ಅದುರದ ಮಚ್ಚು

ತೊಂಬತ್ತರ ದಶಕದಲ್ಲಿ ನಾನು ಮಚ್ಚು, ಕೊಡಲಿ ಮಾಡುವ ಕಾರ್ಖಾನೆಯಲ್ಲಿ ಡ್ರಾಯಿಂಗ್ ಹಾಕುತ್ತಿದ್ದೆ. ಎಷ್ಟೇ ಜೋರಾಗಿ ಹೊಡೆದರೂ ಕೈ ಅದುರದ ಹಾಗೆ ಮಚ್ಚಿಗೊಂದು ರಬ್ಬರ್ ಹಿಡಿ ಮಾಡಿದ ದಿನ ಖುಷಿಗೆ ನನಗೆ ಊಟವೂ ಸೇರಲಿಲ್ಲ. ಸೈಕಲ್ ಹತ್ತಿ ಸೀದಾ ದೇವರಾಜ ಮೊಹಲ್ಲಾಕ್ಕೆ, ಎಳನೀರು ಮಾರುವ ಸಿದ್ದಮ್ಮನವರ ಗಾಡಿಗೆ ಹೋದೆ.

ನಾನು ಕೊಟ್ಟ ಹೊಸ ಮಚ್ಚಿನಲ್ಲಿ ಅವರು ಮೂರೇ ಏಟಿಗೆ ಕಾಯಿ ಕೆತ್ತಿದರು. "ಬೆಣ್ಣೆ ಕುಯ್ದಂಗಾಯ್ತು ಕಣಪ್ಪ! ರಟ್ಟೆಗೆ ನೋವೇ ಇಲ್ಲ."

ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಬಂದವರೊಬ್ಬರು "ಬರೀ ನೀರಿರೋದು ಕೊಡಿ, ಗಂಜಿ ಬೇಡ" ಅಂದರು. ಸಿದ್ದಮ್ಮ ಎಂದಿನಂತೆ ಮಚ್ಚಿನ ಬೆನ್ನಿನಿಂದ ಕಾಯಿ ತಟ್ಟಿದರು. ಒಂದು, ಎರಡು, ಐದು ಕಾಯಿ ತಟ್ಟಿದರು. ಮುಖ ಸಪ್ಪಗಾಯಿತು.

"ಒಳಗೇನೈತೆ ಅಂತ ಕೈಗೆ ಗೊತ್ತಾಗ್ಬೇಕು ಕಣಪ್ಪ. ಇದ್ರಲ್ಲಿ ಏನೂ ಬರ್ತಿಲ್ವಲ್ಲ!"

ಹಳೇ ಮರದ ಹಿಡಿಯ ಮಚ್ಚು ತೆಗೆದು ಒಂದೇ ಸಲ ತಟ್ಟಿ, ನೀರಿನ ಕಾಯಿ ಆರಿಸಿ ಕೊಟ್ಟರು. ಆ ಗದ್ದಲದ ಬೀದಿಯಲ್ಲಿ ಇಷ್ಟು ವರ್ಷ ಅವರು ಕಾಯಿಯ ಸದ್ದನ್ನು ಅಂಗೈಯಲ್ಲೇ ಕೇಳುತ್ತಿದ್ದರು!

ಸೈಕಲ್ ತುಳಿದು ಏದುಸಿರು ಬಿಡುತ್ತಾ ಕಾರ್ಖಾನೆಗೆ ಬಂದೆ. "ಏನ್ರೀ, ಕೈ ಅದುರುತ್ತಂತಾ?" ಅಂತ ಸಾಹೇಬರು ಕೇಳಿದರು.

"ಒಂಚೂರೂ ಇಲ್ಲ ಸಾರ್. ಅದನ್ನೇ ಸರಿಮಾಡಬೇಕು."