ಸೋಮವಾರದ ಮೌನ

ಆ ಸೋಮವಾರ ಬೆಳಿಗ್ಗೆ ಕೊಟ್ಟೂರಿನ ನಮ್ಮ ಮನೆಯಲ್ಲಿದ್ದವರು ಮೂವರೇ: ಪೂಜೆಗೆ ಕೂತ ದೊಡ್ಡಪ್ಪ, ಒಲೆಯ ಮುಂದೆ ದೊಡ್ಡವ್ವ, ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ನಾನು. ದೊಡ್ಡಪ್ಪ ಮಾತಿನ ಮಲ್ಲ. ಆದರೆ ಸೋಮವಾರ ಮಾತ್ರ ಎದ್ದಾಗಿನಿಂದ ಲಿಂಗಪೂಜೆ ಮುಗಿಯುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ವಾರಕ್ಕೊಮ್ಮೆ ನಮ್ಮ ಕಿವಿಗೆ ಸಿಗುವ ರಜೆ ಅದು ಎಂದು ದೊಡ್ಡವ್ವ ನಗುತ್ತಿದ್ದಳು. ನಾವು ಏಳುವ ಮೊದಲೇ ಅವರು ಜಳಕ ಮುಗಿಸಿ ಕೂತಿದ್ದರು.

"ಏನ್ರೀ, ಶಿವ ಇವತ್ತು ಭಾಳ ಹೊತ್ತು ಕುಂದ್ರಿಸ್ಯಾನ? ರೊಟ್ಟಿ ಆರಿ ಹೊಂಟಾವು," ದೊಡ್ಡವ್ವ ಒಳಗಿನಿಂದಲೇ ಕೆಣಕಿದಳು. ಬೇರೆ ಸೋಮವಾರವಾಗಿದ್ದರೆ ಕೈಸನ್ನೆಯಲ್ಲಾದರೂ ಬೈಯುತ್ತಿದ್ದರು. ಸದ್ದಿಲ್ಲ. ಅವಳು ಬಾಗಿಲಿಗೆ ಬಂದು ನೋಡಿದಳು.

"ಅಯ್ಯ, ಎಡಗೈಲೆ ಈಬತ್ತಿ ಮುಟ್ತಾರೇನ್ರೀ?"

ನಾನು ಲೋಟ ಬಿಟ್ಟು ಓಡಿದೆ. ದೊಡ್ಡಪ್ಪನ ಎಡಗೈ ವಿಭೂತಿಯ ಮೇಲಿತ್ತು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು, ಬಾಯಿ ಒಂದು ಕಡೆ ಜಗ್ಗಿತ್ತು.

"ದೊಡ್ಡಪ್ಪಾ, ಮೌನ ಬಿಡ್ರಿ. ಒಂದು ಮಾತು ಆಡ್ರಿ!"

ಬಂದದ್ದು ಬರೀ ಗೊರಗೊರ.

"ಲಕ್ವ ಹೊಡದೈತಲೇ," ಎಂದು ದೊಡ್ಡವ್ವ ಬಾಗಿಲಲ್ಲೇ ಕುಸಿದಳು.

ದೊಡ್ಡಪ್ಪನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವ ತನಕ ನಾನು ಎಲ್ಲೂ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ತಲೆಯ ಸಿಟಿ ಸ್ಕ್ಯಾನ್ ಆಯಿತು, ರಕ್ತಸ್ರಾವವಿಲ್ಲ, ರಕ್ತ ಹೆಪ್ಪುಗಟ್ಟಿರಬೇಕು ಎಂದರು. ಡಾಕ್ಟರಮ್ಮ ಕೇಳಿದರು: "ಕೊನೇ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?"

"ರಾತ್ರಿ ಮಲಗುವಾಗ್ರೀ. ಫ್ಯಾನ್ ಸಣ್ಣ ಮಾಡು ಅಂದ್ರು," ಎಂದಳು ದೊಡ್ಡವ್ವ.

"ಬೆಳಿಗ್ಗೆ?"

"ಸೋಮವಾರ ಅಲ್ರೀ ಇವತ್ತು, ಪೂಜಿ ಮುಗಿಯೂ ತನಕ ಮಾತಾಡೂದಿಲ್ರೀ," ಎಂದಳು ದೊಡ್ಡವ್ವ. ಅವರಿಗೆ ಮಾತು ಹೋದದ್ದು ಯಾವಾಗ ಎಂದು ನಮಗೆ ಗೊತ್ತೇ ಇರಲಿಲ್ಲ.

"ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ಹೊತ್ತು ಮೀರಿದ ಮೇಲೆ ಕೊಟ್ರೆ ಮೆದುಳಲ್ಲೇ ರಕ್ತ ಸುರೀಬಹುದು. ಎಂಆರ್‌ಐ ಮಾಡಿ ನೋಡೋಣ. ಲಕ್ವ ಹೊಡೆದು ಎಷ್ಟು ಹೊತ್ತಾಗಿದೆ ಅಂತ ಅಂದಾಜು ಸಿಗಬಹುದು."

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಇನ್ನೊಂದು ಗಂಡಾಂತರ. ಮೈಮೇಲೆ ಲೋಹ ಇರಬಾರದಂತೆ. ದೊಡ್ಡಪ್ಪನ ಕೊರಳಲ್ಲಿ ಲಿಂಗವಿದ್ದ ಬೆಳ್ಳಿ ಕರಡಿಗೆ. ಹುಟ್ಟಿದಾಗಿನಿಂದ ಲಿಂಗ ಮೈಬಿಟ್ಟು ಹೋದದ್ದಿಲ್ಲ. ನಾನು ದಾರಕ್ಕೆ ಕೈ ಹಾಕಿದ್ದೇ ಅವರು ಎಡಗೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದರು.

"ನನ್ನ ಕೈಯಾಗ ಕೊಡ್ರಿ. ನಾನೇನು ಹೊರಗಿನಾಕೀ ಅಲ್ಲ," ಎಂದಳು ದೊಡ್ಡವ್ವ.

ಬೆರಳು ಸಡಿಲವಾಗಲಿಲ್ಲ. ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ. ಕರಡಿಗೆಯನ್ನು ದೊಡ್ಡವ್ವನ ಕೈಗಿಟ್ಟಾಗ ಅವರು ನನ್ನನ್ನೇ ನೋಡುತ್ತಿದ್ದರು. ಇದೇ ಕೊನೆಯ ನೋಟವಾದರೆ?

ಒಳಗೆ ಯಂತ್ರ ಕಲ್ಲು ಒಡೆದಂತೆ ಬಡಿಯುತ್ತಿತ್ತು. ಅದು ನಿಂತಾಗ ಇನ್ನೂ ಹೆದರಿಕೆಯಾಯಿತು.

ಡಾಕ್ಟರಮ್ಮ ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. "ಇದ್ರಲ್ಲಿ ಪೆಟ್ಟು ಬಿದ್ದ ಕಡೆ ಬಿಳಿ ಕಲೆ ಇದೆ. ಅದೇ ಜಾಗ ಈ ಇನ್ನೊಂದು ಚಿತ್ರದಲ್ಲಿ ನೋಡಿ, ಕಲೆ ಇನ್ನೂ ಮೂಡಿಲ್ಲ. ಅಂದ್ರೆ ಆಗಿ ಬಹಳ ಹೊತ್ತಾಗಿಲ್ಲ. ಇಂಜೆಕ್ಷನ್ ಕೊಡಬಹುದು. ಆದ್ರೂ ಅಪಾಯ ಪೂರ್ತಿ ಇಲ್ಲ ಅಂತಲ್ಲ. ಸಹಿ ಮಾಡಿ."

ದೊಡ್ಡವ್ವ ನನ್ನ ಮುಖ ನೋಡಿದಳು. ಆಮೇಲೆ ತಾನೇ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು.

ಮರುದಿನ ಮಧ್ಯಾಹ್ನ ದೊಡ್ಡಪ್ಪ ತೊದಲುತ್ತ ನೀರು ಕೇಳಿದರು. ನರ್ಸ್ ಮೊದಲು ಒಂದು ಚಮಚ ಕುಡಿಸಿ, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ನೋಡಿದಳು. ಇಳಿಯಿತು. ಬಲಗೈ ಇನ್ನೂ ಏಳುತ್ತಿರಲಿಲ್ಲ, ಎಡಗೈ ಮತ್ತೆ ಕೊರಳಿಗೆ ಕಟ್ಟಿದ ಕರಡಿಗೆಯನ್ನು ಹಿಡಿದಿತ್ತು. ಲೋಟವನ್ನು ದೊಡ್ಡವ್ವ ಹಿಡಿದಳು.