ಬಣ್ಣವಿಲ್ಲದ ಕಾರಿನ ಬಿರುಕು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕಲೆಯಮ್ಮ ಎಂದೇ ಕರೆಯುತ್ತಿದ್ದರು. ನಾಟಕದವಳೆಂದೋ ಚಿತ್ರ ಬರೆಯುವವಳೆಂದೋ ಅಲ್ಲ, ಬಟ್ಟೆಯ ಮೇಲಿನ ಕಲೆ ತೆಗೆಯುವವಳೆಂದು. ಶಾಯಿ, ಗ್ರೀಸು, ತುಕ್ಕು, ರಕ್ತ, ಜೊತೆಗೆ ತಂದುಕೊಟ್ಟವರು ಹೆಸರು ಹೇಳಲು ನಾಚುವ ಇನ್ನೂ ಕೆಲವು. ಒಳಕೋಣೆಯ ಕಿಟಕಿಯ ಪಕ್ಕ ಅವಳ ಮೇಜು. ಅದರ ಮೇಲೆ ಸಾಲಾಗಿ ಪುಟ್ಟ ಬಾಟಲಿಗಳು, ಹತ್ತಿ, ಸವೆದ ಹಲ್ಲುಜ್ಜುವ ಬ್ರಷ್ಷು. ಮದುವೆಯ ರೇಷ್ಮೆ ಬರಲಿ, ವಕೀಲರ ಕರಿಕೋಟು ಬರಲಿ, ಮಾಲೀಕ "ಕಲೆಯಮ್ಮನ ಕೈಗೆ ಕೊಡ್ರಪ್ಪಾ" ಎಂದು ಹೇಳಿ ನಿಶ್ಚಿಂತೆಯಿಂದ ಕೂರುತ್ತಿದ್ದ.

ಅದೇ ಕೈಗೆ ಮನೆಯಲ್ಲಿ ಬೇರೆ ಹೆಸರಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಗಾಜಿನ ಜಗ್ಗೊಂದು ಅವಳ ಕೈಯಿಂದ ಜಾರಿ ಒಡೆದಿತ್ತು. ತೊಳೆಯುವವಳ ಕೈಯಲ್ಲಲ್ಲದೆ, ಕೂತು ಕುಡಿಯುವವರ ಕೈಯಲ್ಲಿ ಜಗ್ಗು ಒಡೆಯುತ್ತದೆಯೇ? ಆದರೂ ಅತ್ತೆ ಅವಳಿಗೆ 'ಕೈಜಾರಿ' ಎಂದು ಹೆಸರಿಟ್ಟರು, ನೆಂಟರಿಷ್ಟರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡರು. ಅತ್ತೆ ತೀರಿಕೊಂಡರೂ ಹೆಸರು ಉಳಿಯಿತು. ಗಂಡ ಮಾತ್ರ ಹಾಗೆ ಕರೆಯುತ್ತಿರಲಿಲ್ಲ, ಸುಳ್ಳು ಹೇಳಬಾರದು. ಏನಾದರೂ ಬಿದ್ದ ಸದ್ದಾದರೆ "ಯಾರು ಮುಟ್ಟಿದ್ದು?" ಎಂದಷ್ಟೇ ಕೇಳುತ್ತಿದ್ದ. ಮಗಳು ಕೆಲಸ ಸಿಕ್ಕಿ ಬೇರೆ ಹೋದ ಮೇಲೆ ಮನೆಯಲ್ಲಿ ಇದ್ದವರು ಇಬ್ಬರೇ.

ಗಂಡ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಕತ್ತಲೆಯ ಗುಂಡಿಗಳಲ್ಲಿ ನಿಂತು ಹಗ್ಗಕ್ಕೆ ಗ್ರೀಸು ಹಚ್ಚಿ, ಸಂಜೆ ಮನೆಗೆ ಬಂದು ಕೈ ತೊಳೆದರೆ ಅವನಿಗೆ ಬೇರೆಯದೇ ಲೋಕ: ಡೈಕಾಸ್ಟ್ ಕಾರುಗಳು. ಅಚ್ಚಿಗೆ ಲೋಹ ಹೊಯ್ದು ಮಾಡಿದ, ಅಂಗೈಯಲ್ಲಿ ಕೂರುವ ಆಟದ ಕಾರುಗಳು. ಮಕ್ಕಳು ಆಡುವಂಥವಲ್ಲ, ಮಕ್ಕಳು ಮುಟ್ಟಿದರೆ ದೊಡ್ಡವರು ಅಳುವಂಥವು. ಬಣ್ಣ ತಪ್ಪಿ ಬಂದದ್ದು, ಒಂದೇ ವರ್ಷ ಮಾಡಿ ನಿಲ್ಲಿಸಿದ್ದು, ಡಬ್ಬಿಯನ್ನೇ ಬಿಚ್ಚದ್ದು. ಮನೆಯಲ್ಲಿದ್ದ ಎರಡು ಕೋಣೆಗಳಲ್ಲಿ ಒಂದು ಅವುಗಳದ್ದು. ಮಗಳು ಹಾಲಿನ ಸೋಫಾದ ಮೇಲೆ ಮಲಗಿಯೇ ಬೆಳೆದಳು, ಅಲ್ಲೇ ಓದಿ ನರ್ಸ್ ಆದಳು.

"ನಾನೂ ಡಬ್ಬಿ ಸಮೇತ ಹುಟ್ಟಬೇಕಿತ್ತಮ್ಮಾ," ಎನ್ನುತ್ತಿದ್ದಳು. "ಸೀಲು ಒಡೆಯದ ಮಾಲು ಅಂತ ಅಪ್ಪ ನನಗೂ ಒಂದು ಕೋಣೆ ಕೊಡ್ತಿದ್ರು."

ಸಂಗ್ರಹ ಅವನದು, ಧೂಳು ಇವಳದು. ಆರು ದಿನ ಊರವರ ಕಲೆ ತೆಗೆದು ಬಂದವಳು ವಾರಕ್ಕೊಮ್ಮೆ ಕಪಾಟಿನ ಬೀಗ ತೆರೆದು, ಒಂದೊಂದೇ ಕಾರನ್ನು ಹೊರಗೆ ತೆಗೆದು, ಒಣ ಬ್ರಷ್ಷಿನಿಂದ ಚಕ್ರದ ಸಂದಿಯನ್ನೂ ಬಿಡದೆ ಗುಡಿಸಿ, ಅದು ಎತ್ತ ಮುಖ ಮಾಡಿತ್ತೋ ಅತ್ತಲೇ ಇಡಬೇಕು. ನೀರು ಸೋಕಿಸಬಾರದು, ಅದು ಗಂಡನ ಕಟ್ಟಪ್ಪಣೆ. ಬೀಗದ ಕೈ ಅವಳ ಗೊಂಚಲಿನಲ್ಲೇ ಇತ್ತು. ಅವನ ಜೊತೆಯ ಸಂಗ್ರಾಹಕರು ಬಂದಾಗ "ಎಷ್ಟು ನೀಟಾಗಿ ಇಟ್ಟಿದೀರಾ ಸಾರ್!" ಎಂದು ಬಾಯಿ ಬಿಟ್ಟರೆ, ಅವನು "ಹವ್ಯಾಸ ಅಂದ್ರೆ ಶಿಸ್ತು ಕಣ್ರೀ" ಎನ್ನುತ್ತಿದ್ದ. ಶಿಸ್ತು ಆಗ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿತ್ತು.

ಇಡೀ ಕಪಾಟಿಗೆ ಕಳಶದಂತಿದ್ದುದು ಒಂದು ಮೊಂಡು ಮೂಗಿನ ಪುಟ್ಟ ಕಾರು. ನೋಡಿದರೆ ಏನೂ ಅಲ್ಲ. ಬಣ್ಣವಿಲ್ಲ, ಕಿಟಕಿಗೆ ಗಾಜಿಲ್ಲ, ಅಡಿಯಲ್ಲಿ ಕಂಪನಿಯ ಹೆಸರಿಲ್ಲ. ಬರೀ ಬೂದಿ ಬಣ್ಣದ ಲೋಹ. ಆಟಿಕೆ ಕಂಪನಿಯವರು ಅಚ್ಚು ಹೇಗಿದೆಯೆಂದು ನೋಡಲು ನಾಲ್ಕಾರು ಕಾರು ಹೊಯ್ದು, ಆಮೇಲೆ ಮನಸ್ಸು ಬದಲಿಸಿ, ಆ ಮಾದರಿಯನ್ನು ಅಂಗಡಿಗೇ ಕಳಿಸಲಿಲ್ಲವಂತೆ. ಅಚ್ಚು ಕೊರೆಯುತ್ತಿದ್ದವನ ಮನೆಯ ತಗಡಿನ ಡಬ್ಬಿಯಲ್ಲಿ ಅವುಗಳಲ್ಲಿ ಎರಡು ಉಳಿದಿದ್ದವು. ಒಂದಕ್ಕಾಗಿ ಗಂಡ ತನ್ನ ಒಂದಿಡೀ ಸಾಲು ಕಾರುಗಳನ್ನು ಬಿಟ್ಟುಕೊಟ್ಟಿದ್ದ. ಇನ್ನೊಂದು ಒಬ್ಬ ಹಲ್ಲಿನ ಡಾಕ್ಟರಮ್ಮನ ಪಾಲಾಗಿತ್ತು. ಆಕೆಯೂ ಸಂಗ್ರಾಹಕಿ. ಅವರಿಬ್ಬರಿಗೂ ಫೋನಿನಲ್ಲಷ್ಟೇ ಪರಿಚಯ.

ಒಂದು ಸಲ ಕಪಾಟು ತೆರೆದಿದ್ದಾಗ ಯಾರೋ ನೆಂಟರ ಹುಡುಗ ಆ ಕಾರನ್ನು ಎತ್ತಿ ನೋಡಿ ಇಟ್ಟುಬಿಟ್ಟ. ಬಾನೆಟ್ಟಿನ ಮೇಲೆ ಹೆಬ್ಬೆರಳಿನ ಎಣ್ಣೆಗುರುತು. ಒಣ ಬ್ರಷ್ಷಿಗೆ ಅದು ಜಗ್ಗಲಿಲ್ಲ. ಬೇರೆ ಹೆಂಗಸಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದಳೋ ಏನೋ, ಕಲೆಯಮ್ಮನಿಗೆ ಕಲೆ ಕಂಡ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಲಾಂಡ್ರಿಯಿಂದ ತುಕ್ಕು ತೆಗೆಯುವ ಹುಳಿನೀರನ್ನು ಒಂದಿಷ್ಟು ತಂದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಗುರುತಿನ ಮೇಲೆ ಸವರಿದಳು. ಗುರುತು ಹೋಯಿತು. ಅಂದು ಸಂಜೆ ಗಂಡ "ಇವತ್ತು ಯಾಕೋ ಹೊಳೀತಾ ಇದೆಯಲ್ಲ!" ಎಂದ. ಅವಳು ಒಳಗೊಳಗೇ ಬೀಗಿದಳು.

ಬೀಗಿದ್ದು ಬಹಳ ದಿನ ಬಾಳಲಿಲ್ಲ. ತಿಂಗಳು ಕಳೆಯುವುದರಲ್ಲಿ ಬಾನೆಟ್ಟಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ಮುಂದಿನ ಸಲ ನೋಡುವಾಗ ಅದಕ್ಕೆ ಕವಲೊಡೆದಿತ್ತು. ಆಮೇಲೆ ಲೋಹ ಅಲ್ಲಲ್ಲಿ ಉಬ್ಬತೊಡಗಿತು, ಒಳಗಿನಿಂದ ಯಾರೋ ಮೊಣಕೈ ಒತ್ತುತ್ತಿರುವಂತೆ.

ತನ್ನ ಹುಳಿನೀರೇ ಅದನ್ನು ತಿಂದಿತೆಂದುಕೊಂಡಳು. ಕಾರನ್ನು ಸ್ವಲ್ಪ ತಿರುಗಿಸಿ, ಬಿರುಕು ಗೋಡೆಯ ಕಡೆಗೆ ಬರುವಂತೆ ಇಟ್ಟು, ಮುಂದೊಂದು ಕೆಂಪು ಬಸ್ಸು ನಿಲ್ಲಿಸಿದಳು. ಗಂಡ ಮೊದಲಿನ ಹಾಗೆ ಸಂಜೆ ಕಪಾಟು ತೆರೆದು ಕೂರುತ್ತಿರಲಿಲ್ಲ, ಅದೊಂದು ಪುಣ್ಯ ಎಂದುಕೊಂಡಳು. ಲಾಂಡ್ರಿಯಲ್ಲಿ ಹುಳಿನೀರಿನ ಬಾಟಲಿಯನ್ನು ಸಾಲಿನ ಹಿಂದಕ್ಕೆ ತಳ್ಳಿಟ್ಟಳು. ಮಗಳಿಗೆ ಫೋನು ಮಾಡಿ ಹೇಳಿಕೊಂಡಳು.

"ಅಯ್ಯೋ ಅಮ್ಮಾ, ಒಂದು ಆಟದ ಕಾರಿಗೆ ಇಷ್ಟೊಂದು ಹೆದರ್ತೀಯಾ? ಅಪ್ಪ ಏನು ಹೊಡೀತಾರಾ?"

"ಹೊಡೆಯೋಕೆ ಏನಾಗಿದೆ ಅವರಿಗೆ! ಅದಲ್ಲ ಕಣೇ. ಇಷ್ಟು ವರ್ಷ ಎಲ್ಲರೂ ಕೈಜಾರಿ ಅಂದಾಗ, ಅನ್ನಲಿ ಬಿಡು, ನನ್ನ ಕೈ ನನಗೆ ಗೊತ್ತು ಅಂದ್ಕೊಂಡಿದ್ದೆ. ಈಗ ನಿಜ ಆಗೋಯ್ತಲ್ಲ."

"ಹೇಳಿಬಿಡಮ್ಮಾ," ಎಂದಳು ಮಗಳು. "ಅವರಾಗೇ ಕಂಡುಹಿಡಿಯೋಕೆ ಮುಂಚೆ ನೀನೇ ಹೇಳಿಬಿಡು."

ಹೇಳಬೇಕೆಂದು ಬಾಯಿ ತೆರೆದ ದಿನವೇ ಗಂಡ ತಾನೇ ಒಂದು ಸುದ್ದಿ ಹೇಳಿದ. "ಭಾನುವಾರ ಹಲ್ಲಿನ ಡಾಕ್ಟರಮ್ಮ ಬರ್ತಾರಂತೆ. ಆ ಕಾರು ನೋಡ್ಲೇಬೇಕಂತೆ." ಹೇಳುವಾಗ ಅವನ ಮುಖ ಬಿಗಿದುಕೊಂಡಿತ್ತು. ಹೆಮ್ಮೆ ಇರಬೇಕು ಎಂದುಕೊಂಡಳು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದಳು.

ಭಾನುವಾರ ನೆಲ ಒರೆಸಿದಳು, ಕಿಟಕಿ ಒರೆಸಿದಳು, ಕಪ್ಪುಗಳನ್ನು ತೊಳೆದು ಮತ್ತೆ ತೊಳೆದಳು. ಡಾಕ್ಟರಮ್ಮ ಬಂದರು. ನರೆತ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದ, ಕುರ್ಚಿ ತೋರಿಸುವ ಮುಂಚೆಯೇ ಕೂತುಬಿಡುವ ಜಾತಿಯ ಹೆಂಗಸು. ಟೀ ಕೊಟ್ಟಾಗ ಕಪ್ಪು ತೆಗೆದುಕೊಳ್ಳುತ್ತ ಅವಳ ಬೆರಳುಗಳನ್ನೇ ನೋಡಿದರು.

"ಏನಮ್ಮಾ, ಬೆರಳ ತುದಿಯೆಲ್ಲಾ ಬಿರಿದುಬಿಟ್ಟಿದೆ. ಆಸಿಡ್ಡಾ?"

"ಲಾಂಡ್ರಿ ಕೆಲಸ ಡಾಕ್ಟರಮ್ಮ."

"ನೀವೂ ಕೂತ್ಕೊಳ್ಳಿ. ನಿಂತ್ಕೊಂಡವರ ಎದುರು ನನಗೆ ಟೀ ಇಳಿಯಲ್ಲ."

ಅವಳು ಕೂರಲಿಲ್ಲ. ಗಂಡ ಬೀಗದ ಕೈಗೆ ಕೈ ಚಾಚಿದ್ದ. ಕೊಟ್ಟಳು. ಕಾರಿನ ಕೋಣೆಗೆ ಮೂವರೂ ಹೋದರು. ಗಂಡ ಕೆಂಪು ಬಸ್ಸನ್ನು ಸರಿಸಿ, ಮೊಂಡು ಮೂಗಿನ ಕಾರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ಎತ್ತುತ್ತಿದ್ದಂತೆಯೇ ಮುಂದಿನ ಬಂಪರು ಒಣ ಬಿಸ್ಕತ್ತಿನ ಚೂರಿನಂತೆ ಮುರಿದು ಕಪಾಟಿನ ಗಾಜಿನ ಹಲಗೆಯ ಮೇಲೆ ಬಿತ್ತು.

ಸಣ್ಣ ಸದ್ದು. ಆದರೆ ಕೋಣೆಯೆಲ್ಲ ಅದೇ ತುಂಬಿಕೊಂಡಿತು.

"ಯಾರು ಮುಟ್ಟಿದ್ದು?" ಎಂದ ಗಂಡ.

"ನಾನೇ," ಎಂದಳು. ಗೋಡೆಗೆ ಅಂಗೈ ಊರಿ ನಿಂತಿದ್ದಳು. "ಬಾನೆಟ್ ಮೇಲೆ ಬೆರಳಿನ ಗುರುತಾಗಿತ್ತು. ತುಕ್ಕಿನ ಔಷಧಿ ಹಚ್ಚಿದೆ. ಅದಕ್ಕೇ ಹೀಗಾಯ್ತು. ಮುಚ್ಚಿಟ್ಟಿದ್ದೂ ನಾನೇ."

ಗಂಡ ಅವಳ ಮುಖ ನೋಡಲಿಲ್ಲ. ಕಾರನ್ನೇ ನೋಡುತ್ತ ನಿಂತ. ಡಾಕ್ಟರಮ್ಮ ಕಾರನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಚೀಲದಿಂದ ರೋಗಿಗಳ ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ತೆಗೆದು ಕಾರಿನ ಕಿಟಕಿಯೊಳಕ್ಕೆ ತೂರಿಸಿದರು.

"ಎಲ್ಲೆಲ್ಲಿ ಹಚ್ಚಿದ್ರಿ?"

"ಬಾನೆಟ್ ಮೇಲೆ ಅಷ್ಟೇ. ಒಂದು ಕಾಳಿನಷ್ಟು ಜಾಗ."

"ಒಳಗೆ? ಚಾವಣಿಯ ಅಡಿಗೆ?"

"ಅಲ್ಲಿಗೆ ಕಡ್ಡಿ ಹೋಗಲ್ಲ."

"ಕಡ್ಡಿ ಹೋಗಲ್ಲ, ಬಿರುಕು ಹೋಗಿದೆ. ಇಲ್ಲಿ ನೋಡಿ." ಕನ್ನಡಿಯಲ್ಲಿ ಚಾವಣಿಯ ಒಳಮೈ ಕಂಡಿತು. ಬಾನೆಟ್ಟಿಗಿಂತ ಹತ್ತುಪಾಲು ಕೆಟ್ಟಿತ್ತು, ಬಿಸಿಲಿಗೆ ಬಿರಿದ ಕೆರೆಯ ತಳದ ಹಾಗೆ. "ಹುಳುಕು ಹಲ್ಲು ಹೊರಗಿಂದ ಕೆಡುತ್ತೆ. ಇದು ಒಳಗಿಂದ ಕೆಟ್ಟಿದೆ. ಸತುವಿನ ಜೊತೆ ಒಂಚೂರು ಸೀಸ ಸೇರಿಬಿಟ್ರೆ ಸಾಕು, ಎರಕ ಹೊಯ್ದ ದಿನಾನೇ ಅದರ ಹಣೇಲಿ ಬರೆದಾಯ್ತು. ತೇವ ಇದ್ರೆ ಸ್ವಲ್ಪ ಬೇಗ, ಇಲ್ದಿದ್ರೆ ಸ್ವಲ್ಪ ನಿಧಾನ. ಯಾರ ಔಷಧಿಯಿಂದಲೂ ಬರಲಿಲ್ಲ, ಯಾರ ಔಷಧಿಯಿಂದಲೂ ಹೋಗಲ್ಲ."

ಅವಳಿಗೆ ನಂಬಿಕೆ ಬರಲಿಲ್ಲ. "ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರಾ?"

"ನಾನಾ? ಇದ್ದ ಹಲ್ಲು ಕೀಳ್ತೀನಿ ಅಂತ ರೋಗಿ ಮುಖಕ್ಕೇ ಹೇಳೋಳು ನಾನು." ಡಾಕ್ಟರಮ್ಮ ಚೀಲದಿಂದ ಒಂದು ಸಣ್ಣ ಪೆಟ್ಟಿಗೆ ತೆಗೆದು ಮುಚ್ಚಳ ಎತ್ತಿದರು. ಹತ್ತಿಯ ಮೇಲೆ ಬೂದಿ ಬಣ್ಣದ ಚೂರುಗಳು, ನಾಲ್ಕು ಚಕ್ರ, ಅರ್ಧ ಉಳಿದ ಮೊಂಡು ಮೂಗು. "ಇದು ನನ್ನದು. ಅದೇ ತಗಡಿನ ಡಬ್ಬಿಯದ್ದು. ತಂದ ದಿನ ಗಾಜಿನ ಪೆಟ್ಟಿಗೇಲಿಟ್ಟು ಸುತ್ತಲೂ ಮೇಣ ಹಾಕಿಸಿದ್ದೆ. ನಾನೇ ಮುಟ್ಟಿಲ್ಲ, ಇನ್ನು ಬೇರೆಯವರ ಮಾತೆಲ್ಲಿ? ನಿಮ್ಮದು ಗಟ್ಟಿಯಾಗಿದ್ರೆ ನೋಡಿ ಹೊಟ್ಟೆ ಉರ್ಕೊಂಡು ಹೋಗೋಣ ಅಂತ ಬಂದೆ. ಇನ್ನು ಆ ಕಷ್ಟವೂ ಇಲ್ಲ!"

ಕಲೆಯಮ್ಮ ಬಾಗಿ ಪೆಟ್ಟಿಗೆಯನ್ನು ನೋಡಿದಳು. ಯಾರೂ ಮುಟ್ಟದ ಕಾರು. ಯಾರ ಬ್ರಷ್ಷೂ, ಯಾರ ಹತ್ತಿಯೂ ಸೋಕದ ಕಾರು. ತಾನು ಮುಟ್ಟಿದ ಕಾರಿಗಿಂತ ನುಣ್ಣಗೆ ಪುಡಿಯಾಗಿತ್ತು.

ಅಷ್ಟು ದಿನದಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿಯನ್ನು ಯಾರೋ ಪಕ್ಕಕ್ಕೆ ಸರಿಸಿದ ಹಾಗೆ ಉಸಿರು ಪೂರಾ ಒಳಗೆ ಹೋಯಿತು, ಪೂರಾ ಹೊರಗೆ ಬಂತು. ಜೊತೆಗೆ ನಗುವೂ ಬಂದುಬಿಟ್ಟಿತು. ತಡೆಯೋಣವೆಂದು ಸೆರಗು ಬಾಯಿಗೊತ್ತಿಕೊಂಡಳು, ಆಗಲಿಲ್ಲ. ಡಾಕ್ಟರಮ್ಮನೂ ನಕ್ಕರು. ಸತ್ತ ಕಾರುಗಳೆರಡರ ನಡುವೆ ಇಬ್ಬರು ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಗುವುದನ್ನು ಗಂಡ ಪಿಳಿಪಿಳಿ ನೋಡಿದ.

"ನಿಮ್ಮ ಕಪಾಟು ಬಹಳ ಚೆನ್ನಾಗಿದೆ," ಎಂದರು ಡಾಕ್ಟರಮ್ಮ ಹೊರಡುವಾಗ, ಅವಳ ಕಡೆಗೇ ತಿರುಗಿ. "ನನ್ನ ಮನೇಲಿ ಒರೆಸೋಳು ನಾನೇ, ಅದಕ್ಕೆ ಗೊತ್ತಾಗುತ್ತೆ."

ಬಾಗಿಲು ಹಾಕಿಕೊಂಡು ಬಂದ ಗಂಡ ಕಾರಿನ ಕೋಣೆಯ ಹೊಸ್ತಿಲಲ್ಲೇ ನಿಂತ. ಬಹಳ ಹೊತ್ತು ಕಿವಿ ಕೆರೆದುಕೊಂಡ.

"ಒಂದು ಮಾತು," ಎಂದ. "ನನಗೂ ಗೊತ್ತಿತ್ತು."

"ಏನು?"

"ಬಿರುಕು. ಫೋಟೋ ತೆಗೀಬೇಕು ಅಂತ ಮಹಡಿ ಮೇಲೆ ತಗೊಂಡು ಹೋಗಿದ್ದೆ. ಕೈಯಿಂದ ಬಿದ್ದುಹೋಯ್ತು. ಆಮೇಲೆ ನೋಡಿದ್ರೆ ಬಿರುಕು. ನಾನೇ ಹಾಳು ಮಾಡಿದೆ ಅಂತ ಆ ಕಪಾಟಿನ ಕಡೆ ಹೋಗೋಕೇ ಹೆದರಿಕೆ ಆಗಿತ್ತು. ಈಗ ನೋಡು, ಎಷ್ಟು ಹಗುರ ಆಯ್ತು!" ಅವನು ನಿಜಕ್ಕೂ ಹಗುರಾಗಿದ್ದ. ಮಗುವಿನಂತೆ ನಗುತ್ತಿದ್ದ.

ಅವಳು ಕಪ್ಪುಗಳನ್ನು ಎತ್ತಲು ಬಗ್ಗಿದ್ದವಳು ನೆಟ್ಟಗಾದಳು.

"ಬಿದ್ದದ್ದು ನಿಮ್ಮ ಕೈಯಿಂದ ಅಂತ ಗೊತ್ತಿತ್ತು?"

"ಹೂಂ."

"ಗೊತ್ತಿದ್ದೂ, ಅವರ ಮುಂದೆ 'ಯಾರು ಮುಟ್ಟಿದ್ದು' ಅಂದ್ರಿ?"

ಅವನ ನಗು ಅಲ್ಲೇ ನಿಂತಿತು. "ಅದು... ಬಾಯಿಗೆ ಬಂದುಬಿಡ್ತು ಕಣೇ."

"ಹೌದು. ಬಾಯಿಗೆ ಬರುತ್ತೆ. ನಿಮ್ಮ ಬಾಯಿಗೆ ಪ್ರಶ್ನೆ, ನನ್ನ ಬಾಯಿಗೆ 'ನಾನೇ'. ರೂಢಿ ಆಗೋಗಿದೆ ಇಬ್ಬರಿಗೂ."

ಅವಳಿಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಆ ಮಧ್ಯಾಹ್ನ ಅವಳ ಮೈಯಲ್ಲಿ ಸಿಟ್ಟಿಗೆ ಜಾಗವಿರಲಿಲ್ಲ, ಎಲ್ಲ ಕಡೆಯೂ ನಿರಾಳವೇ ಹರಡಿ ಕೂತಿತ್ತು. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಬಿರಿದ ಬೆರಳುಗಳು, ಸವೆದ ಉಗುರುಗಳು. ತಪ್ಪೇನೂ ಮಾಡದ ಕೈಗಳು.

"ಇನ್ನು ಮೇಲೆ ಕಪಾಟು ಒರೆಸೋಳು ನಾನಲ್ಲ," ಎಂದಳು.

"ಮುನಿಸ್ಕೊಂಡೆಯಾ?"

"ಇಲ್ಲಪ್ಪಾ. ಸಾಕಾಯ್ತು. ಕಾರು ನಿಮ್ಮವು. ಬಿದ್ರೂ ನಿಮ್ಮ ಕೈಯಿಂದಲೇ ಬೀಳಲಿ, 'ಯಾರು ಮುಟ್ಟಿದ್ದು' ಅಂತ ಕೇಳೋದೂ ತಪ್ಪುತ್ತೆ."

ಕಪ್ಪುಗಳನ್ನು ಮೇಜಿನ ಮೇಲೆಯೇ ಬಿಟ್ಟು, ಮಗಳು ಮಲಗುತ್ತಿದ್ದ ಹಾಲಿನ ಸೋಫಾದ ಮೇಲೆ ಕಾಲು ಚಾಚಿ ಮಲಗಿದಳು. ಭಾನುವಾರ ಮಧ್ಯಾಹ್ನ ಆ ಮನೆಯಲ್ಲಿ ಅವಳು ಹೀಗೆ ಮಲಗಿದ್ದನ್ನು ಗೋಡೆಗಳೂ ಕಂಡಿರಲಿಲ್ಲ. ಒಳಗೆ ಗಾಜಿನ ಬಾಗಿಲು ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಒಂದು ಸೀನು, ಹಿಂದೆಯೇ ಇನ್ನೊಂದು.

"ಲೇ, ಮೊದಲು ಕೆಳಗಿನ ಸಾಲು ಗುಡಿಸೋದೋ, ಮೇಲಿಂದೋ?"

"ಧೂಳು ಯಾವ ಕಡೆಗೆ ಬೀಳುತ್ತೆ ಅಂತ ನೀವೇ ಯೋಚನೆ ಮಾಡಿ," ಎಂದಳು ಕಣ್ಣು ಮುಚ್ಚಿಕೊಂಡೇ. ಅವನು ಯೋಚನೆ ಮಾಡುತ್ತಿರುವಾಗಲೇ ಅವಳಿಗೆ ನಿದ್ದೆ ಹತ್ತಿತು.